ಕೈಯಲ್ಲಿ ಹಿಡಿದ ಕ್ಯಾಮೆರಾದಲ್ಲಿ ತೆಗೆದ ಹಾರರ್ ಸಿನಿಮಾ ಯಾಕೆ ಜಾಸ್ತಿ ಹೆದರಿಸುತ್ತದೆ?

ಮನೆಯ ಹಳೇ ಮದುವೆ ವಿಡಿಯೊದಲ್ಲಿ ನೋಡಿದ ಅದೇ ಮಸುಕು, ಅದೇ ಅಲುಗಾಟ ಅದರಲ್ಲೂ ಇರುತ್ತದೆ. ಹಾಗಾಗಿ ನಿಜ ಅಂತ ಕಣ್ಣು ನಂಬಿಬಿಡುತ್ತದೆ.

1999ರಲ್ಲಿ ಬಂದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ನೋಡಿ. ಅಮೆರಿಕದ ಮೇರಿಲ್ಯಾಂಡ್‌ನ ಕಾಡಿನಲ್ಲಿ ಮೂವರು ನಟರೇ ಕ್ಯಾಮೆರಾ ಹಿಡಿದು ಚಿತ್ರೀಕರಿಸಿದರು. ಒಂದು ಹೈ8 ಎಂಬ ಸಣ್ಣ ಟೇಪಿನ ವಿಡಿಯೊ ಕ್ಯಾಮೆರಾ, ಇನ್ನೊಂದು 16 ಎಂಎಂ ಕಪ್ಪು-ಬಿಳುಪು ಫಿಲ್ಮ್ ಕ್ಯಾಮೆರಾ. ಕಥೆಯಲ್ಲಿ ಅವರು ಹುಡುಕಿ ಹೊರಟ ಮಾಟಗಾತಿ ಒಮ್ಮೆಯೂ ಕಾಣುವುದಿಲ್ಲ. ಕಾಣುವುದು ಮರಕ್ಕೆ ತೂಗುಹಾಕಿದ ಕಡ್ಡಿ ಗೊಂಬೆಗಳು, ಲೈಟು ಮುಟ್ಟುವಷ್ಟು ದೂರದ ಗಿಡಮರ, ಅದರಾಚೆ ಬರೀ ಕತ್ತಲೆ. ನನಗೆ ಆ ಗೊಂಬೆಗಳದ್ದೇ ಜಾಸ್ತಿ ಭಯ. ಯಾರೋ ಕೂತು ಕೈಯಾರೆ ಕಟ್ಟಿದ್ದಾರೆ ಅಲ್ವಾ!

ಆಗ ಇಂಟರ್ನೆಟ್ ಇನ್ನೂ ಹೊಸದು. ಮೂವರೂ ಕಾಣೆಯಾಗಿದ್ದಾರೆ ಎಂದು ಚಿತ್ರದ ವೆಬ್‌ಸೈಟ್ ಹೇಳಿತು. ಎಷ್ಟೋ ಜನ ಅದನ್ನು ನಂಬಿಯೇ ಥಿಯೇಟರಿಗೆ ಹೋದರು.