ಸಿಂಹದ ಹಾಡು ಯಾರದ್ದು?

ಸಂಪಾದಕರೇ,
ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಸಿಂಹದ ಮುಖವಾಡ ಹಾಕಿಕೊಂಡು ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಹಾಡಿ ಕುಣಿದರು. ನಿರೂಪಣೆ ಮಾಡಿದ ಟೀಚರ್ ‘ಇದು ಆಫ್ರಿಕಾದ ಜಾನಪದ ಗೀತೆ’ ಎಂದರು. ನನ್ನ ಅಳಿಯ ‘ಅಲ್ಲ, ಡಿಸ್ನಿ ಸಿನಿಮಾದ್ದು’ ಎಂದ. ಆ ಸಿನಿಮಾ ಬರುವ ಎಷ್ಟೋ ವರ್ಷ ಮೊದಲೇ, ಕಾಲೇಜಿನ ದಿನಗಳಲ್ಲಿ, ನಾನಿದನ್ನು ರೇಡಿಯೊದಲ್ಲಿ ಕೇಳಿದ ನೆನಪು. ಹಾಗಾದರೆ ಹಾಡು ಯಾರದ್ದು? ಇಷ್ಟೊಂದು ಜನ ಹಾಡಿದ್ದಾರಲ್ಲ, ಇವರೆಲ್ಲ ಕದ್ದವರೇ? ಮುಂದಿನ ವರ್ಷವೂ ಮಕ್ಕಳು ಹಾಡಿದರೆ ತಪ್ಪಾಗುತ್ತದೆಯೇ?
— ಹಿರಿಯ ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ

ಟೀಚರ್ ಹೇಳಿದ್ದೂ ಸರಿಯಲ್ಲ, ನಿಮ್ಮ ಅಳಿಯ ಹೇಳಿದ್ದೂ ಸರಿಯಲ್ಲ. ನಿಮ್ಮ ನೆನಪು ಮಾತ್ರ ಸರಿಯಾಗಿದೆ. ಈ ಹಾಡು ಕಟ್ಟಿದವರ ಹೆಸರು ಗೊತ್ತು, ರೆಕಾರ್ಡ್ ಆದ ಊರು ಗೊತ್ತು, ವರ್ಷವೂ ಗೊತ್ತು. ಸಾಲೊಮನ್ ಲಿಂಡಾ, ಜೊಹಾನ್ಸ್‌ಬರ್ಗ್, 1939. ಇಷ್ಟು ಸಲೀಸಾಗಿ ಗೊತ್ತಿರುವ ವಿಷಯ ಅರವತ್ತು ವರ್ಷ ಯಾರ ಕಿವಿಗೂ ಬೀಳದೆ ಹೇಗೆ ಉಳಿಯಿತು ಅನ್ನುವುದೇ ಈ ಹಾಡಿನ ಕಥೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಲಿಂಡಾ ದಕ್ಷಿಣ ಆಫ್ರಿಕಾದ ಜುಲು ನಾಡಿನವರು. ಹುಟ್ಟಿದ್ದು 1909ರಲ್ಲಿ. ಚಿಕ್ಕಂದಿನಲ್ಲಿ ದನ ಕಾಯುತ್ತಿದ್ದರು, ಮಿಷನ್ ಶಾಲೆಗೆ ಹೋಗುತ್ತಿದ್ದರು, ಊರಿನ ಮದುವೆಗಳಲ್ಲಿ ಹಾಡುತ್ತಿದ್ದರು. 1930ರ ದಶಕದ ಮೊದಲಲ್ಲಿ ಕೆಲಸ ಹುಡುಕಿಕೊಂಡು ಜೊಹಾನ್ಸ್‌ಬರ್ಗ್‌ಗೆ ಬಂದರು. ಚಿನ್ನದ ಗಣಿಗಳ ಊರು ಅದು. ಹಳ್ಳಿ ಬಿಟ್ಟು ಬಂದ ಗಂಡಸರು ಹಾಸ್ಟೆಲ್‌ಗಳಲ್ಲಿ ಇರುತ್ತಿದ್ದರು. ಶನಿವಾರ ರಾತ್ರಿ ಆ ಹಾಸ್ಟೆಲ್‌ಗಳಲ್ಲಿ ಹಾಡಿನ ಪೈಪೋಟಿ. ಲಿಂಡಾ ತಮ್ಮ ಗುಂಪಿಗೆ ಇಟ್ಟ ಹೆಸರು ‘ಒರಿಜಿನಲ್ ಈವನಿಂಗ್ ಬರ್ಡ್ಸ್’. ಇವರ ಹಳೆಯ ಫೋಟೊ ಒಂದಿದೆ. ಪಟ್ಟೆ ಪಟ್ಟೆ ಸೂಟು, ಪಾಲಿಶ್ ಮಾಡಿದ ಶೂ, ಎಲ್ಲರೂ ಒಂದೇ ಠೀವಿಯಲ್ಲಿ ನಿಂತಿದ್ದಾರೆ. ಕೂಲಿ ಕೆಲಸದವರು ಅಂತ ಯಾರೂ ಹೇಳಲಾರರು.

ಆಗ ಸಹಾರಾದ ದಕ್ಷಿಣಕ್ಕೆ ಇದ್ದದ್ದು ಒಂದೇ ಒಂದು ರೆಕಾರ್ಡಿಂಗ್ ಸ್ಟುಡಿಯೊ, ಎರಿಕ್ ಗ್ಯಾಲೊ ಅವರದ್ದು. ಲಿಂಡಾ ಗುಂಪು ಅಲ್ಲಿಗೆ ಹೋಗಿ ‘ಎಂಬುಬೆ’ ಎಂಬ ಹಾಡು ಹಾಡಿತು. ಜುಲು ಭಾಷೆಯಲ್ಲಿ ಸಿಂಹ ಅಂತ ಅರ್ಥ. ಸಾಹಿತ್ಯ ಅಂತ ಹೇಳಿಕೊಳ್ಳುವಷ್ಟು ಏನೂ ಇಲ್ಲ. ಕೆಳಗಿನ ದನಿಯ ಗಂಡಸರು ‘ಉಯಿಂಬುಬೆ, ಉಯಿಂಬುಬೆ’ ಎಂದು ಒಂದೇ ಸಮನೆ ಹೇಳುತ್ತಾ ಹೋಗುತ್ತಾರೆ. ಮೂರೇ ಮೂರು ಸ್ವರಗುಚ್ಛ (ಕಾರ್ಡ್), ಸುತ್ತಿ ಸುತ್ತಿ ಅದೇ. ಅದರ ಮೇಲೆ ಲಿಂಡಾ ಕೀಚು ದನಿಯಲ್ಲಿ, ಗಂಡಸಿನ ಗಂಟಲು ಏರಬಹುದಾದ ತುತ್ತತುದಿಯಲ್ಲಿ ಹಾಡುತ್ತಾರೆ. ಮೊದಲ ಎರಡು ಟೇಕ್ ಸರಿ ಬರಲಿಲ್ಲ. ಮೂರನೆಯದರಲ್ಲಿ, ಹಾಡು ಇನ್ನೇನು ಮುಗಿಯಬೇಕು ಅನ್ನುವಾಗ, ಅಲ್ಲಿಯವರೆಗೆ ಹಾಡದೇ ಇದ್ದ ಒಂದು ಸ್ವರಮಾಲೆ ಅವರ ಬಾಯಿಂದ ಬಂತು. ಬರೆದಿಟ್ಟಿದ್ದಲ್ಲ, ಆ ಕ್ಷಣಕ್ಕೆ ಹೊಳೆದದ್ದು. ಕೆಲವೇ ಸೆಕೆಂಡು. ನಿಮ್ಮ ಮೊಮ್ಮಗಳು ‘ಇನ್ ದ ಜಂಗಲ್’ ಎಂದು ಶುರು ಮಾಡುವ ಧಾಟಿ ಇದೆಯಲ್ಲ, ಅದೇ ಇದು.

ಗ್ರಾಮಫೋನ್ ತಟ್ಟೆ ಚೆನ್ನಾಗಿ ಹೋಯಿತು. ನಲವತ್ತರ ದಶಕ ಮುಗಿಯುವ ಹೊತ್ತಿಗೆ ಸುಮಾರು 1 ಲಕ್ಷ ಪ್ರತಿ ಮಾರಾಟವಾಗಿತ್ತು. ಆ ಬಗೆಯ ಗುಂಪು ಹಾಡಿಗೆ ‘ಎಂಬುಬೆ’ ಎಂಬ ಹೆಸರೇ ಬಿತ್ತು. ಮುಂದೆ ಅಮೆರಿಕದ ಗಾಯಕ ಪಾಲ್ ಸೈಮನ್ ಜೊತೆ ಅವರ 1986ರ ಆಲ್ಬಂ ‘ಗ್ರೇಸ್‌ಲ್ಯಾಂಡ್’ನಲ್ಲಿ ಹಾಡಿದ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ತಂಡ ಇದೇ ಮನೆತನದ್ದು. ಲಿಂಡಾಗೆ ಹಾಡಿನ ಹಕ್ಕು ಬಿಟ್ಟುಕೊಟ್ಟದ್ದಕ್ಕೆ ಸಿಕ್ಕಿದ್ದು 10 ಶಿಲ್ಲಿಂಗ್ ಎನ್ನುತ್ತಾರೆ. ಜೊತೆಗೆ ಗ್ಯಾಲೊ ಕಾರ್ಖಾನೆಯಲ್ಲಿ ಒಂದು ಕೆಲಸ. ತಟ್ಟೆಗಳನ್ನು ಪ್ಯಾಕ್ ಮಾಡುವ ಕೆಲಸ.

ಹಾಡು ಸಮುದ್ರ ದಾಟಿದ್ದು ಹೀಗೆ. ಅಮೆರಿಕದಲ್ಲಿ ಅಲನ್ ಲೊಮ್ಯಾಕ್ಸ್ ಅಂತ ಒಬ್ಬರಿದ್ದರು. ಊರೂರು ಸುತ್ತಿ ಜಾನಪದ ಹಾಡು ಸಂಗ್ರಹಿಸಿದವರು. ಗ್ಯಾಲೊ ಕಡೆಯಿಂದ ಡೆಕ್ಕಾ ಕಂಪನಿಗೆ ಬಂದಿದ್ದ ಒಂದಷ್ಟು ಆಫ್ರಿಕನ್ ತಟ್ಟೆಗಳು ಅಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದವು. ಲೊಮ್ಯಾಕ್ಸ್ ಅವನ್ನು ಎತ್ತಿಕೊಂಡು ಹೋಗಿ ಗೆಳೆಯ, ಜಾನಪದ ಗಾಯಕ ಪೀಟ್ ಸೀಗರ್‌ಗೆ ಕೊಟ್ಟರು. ಸೀಗರ್ ‘ಎಂಬುಬೆ’ಗೆ ಮರುಳಾದರು. ಕೇಳಿ ಕೇಳಿ ಸ್ವರ ಬರೆದುಕೊಂಡರು. ‘ಉಯಿಂಬುಬೆ’ ಅವರ ಕಿವಿಗೆ ‘ವಿಮೋವೆ’ ಎಂದು ಕೇಳಿಸಿತು, ಹಾಡಿಗೆ ಅದೇ ಹೆಸರಾಯಿತು. ಅವರ ತಂಡ ವೀವರ್ಸ್ ಇದನ್ನು ಗಾರ್ಡನ್ ಜೆಂಕಿನ್ಸ್ ಅವರ ವಾದ್ಯಮೇಳದ ಜೊತೆ ಹಾಡಿ 1952ರ ಆರಂಭದಲ್ಲಿ ತಟ್ಟೆ ತಂದಿತು. ಪಿಟೀಲು, ತುತ್ತೂರಿ, ಭರ್ಜರಿ ಅಬ್ಬರ. ನನ್ನ ಕಿವಿಗೆ ಅದು ಕೊಂಚ ಅತಿಯಾಯಿತು. ಆದರೆ ಸೀಗರ್ ಹಾಡುವಾಗಿನ ಖುಷಿಯಲ್ಲಿ ಖೋಟಾ ಇಲ್ಲ. ಹಾಡು ಮೇಲೇರುತ್ತಿತ್ತು. ಅಷ್ಟರಲ್ಲಿ ವೀವರ್ಸ್ ಕಮ್ಯುನಿಸ್ಟರು ಎಂಬ ದೂರು ಬಂದು ರೇಡಿಯೊ, ಟಿವಿ ಎಲ್ಲ ಬಾಗಿಲು ಹಾಕಿಕೊಂಡವು.

ಈಗ ಆ ತಟ್ಟೆಯ ಲೇಬಲ್ ನೋಡಿ. ಕರ್ತೃ: ಪಾಲ್ ಕ್ಯಾಂಪ್‌ಬೆಲ್. ಈ ಹೆಸರಿನ ಮನುಷ್ಯ ಹುಟ್ಟಿಯೇ ಇರಲಿಲ್ಲ. ಯಾರಿಗೂ ಸೇರದ ಹಳೆಯ ಹಾಡುಗಳನ್ನು ಸ್ವಲ್ಪ ತಿದ್ದಿ ಹಾಡಿದಾಗ ರಾಯಲ್ಟಿ ತೆಗೆದುಕೊಳ್ಳಲು ವೀವರ್ಸ್ ಮತ್ತು ಅವರ ಪ್ರಕಾಶಕರು ಮಾಡಿಕೊಂಡಿದ್ದ ಸುಳ್ಳು ಹೆಸರು ಅದು. ಜಾನಪದ ಹಾಡಾದರೆ ಹಕ್ಕು ಕೇಳುವವರು ಯಾರು? ಆಫ್ರಿಕಾದಿಂದ ಬಂದಿದೆ, ಆದ್ದರಿಂದ ಜಾನಪದವೇ ಇರಬೇಕು ಅಂದುಕೊಂಡುಬಿಟ್ಟರು. ಆದರೆ ಜೊಹಾನ್ಸ್‌ಬರ್ಗ್‌ನ ಆ ತಟ್ಟೆಯ ಮೇಲೆ ತಂಡದ ಹೆಸರು ಅಚ್ಚಾಗಿತ್ತು. ಹದಿಮೂರು ವರ್ಷದ ಹಿಂದೆ, ಸೂಟು ಹಾಕಿಕೊಂಡು ಮೈಕಿನ ಮುಂದೆ ನಿಂತು, ಜಾನಪದ ಹೇಗೆ ಹುಟ್ಟೀತು ಹೇಳಿ?

ನಿಮ್ಮ ಊರಿನ ಟೀಚರನ್ನು ನಾನು ಬೈಯುತ್ತಿಲ್ಲ. ನಮ್ಮ ಕ್ಯಾಸೆಟ್ ಕಾಲ ನೆನಪಿಸಿಕೊಳ್ಳಿ. ‘ಸಾಹಿತ್ಯ: ಜಾನಪದ’ ಎಂದು ಕವರಿನ ಮೇಲೆ ಒಂದು ಸಾಲು ಹಾಕಿದರೆ ಆಯಿತು, ಮುಂದೆ ವಿಚಾರಣೆ ಇಲ್ಲ. ಅದರಲ್ಲಿ ಎಷ್ಟು ಪದಗಳನ್ನು ಕಟ್ಟಿದವರು ಆಗಿನ್ನೂ ಯಾವುದೋ ಊರಿನ ಜಗಲಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದರೋ!

ಸೀಗರ್ ಬಗ್ಗೆ ನ್ಯಾಯವಾಗಿ ಒಂದು ಮಾತು. ಲಿಂಡಾ ಹೆಸರು ತಿಳಿದ ಮೇಲೆ ಅವರು 1000 ಡಾಲರ್ ಕಳಿಸಿದರು, ಬರುವ ದುಡ್ಡು ಅವರಿಗೇ ಹೋಗಲಿ ಎಂದೂ ಹೇಳಿದರು. ಹೋಗುತ್ತಿದೆ ಎಂದು ನಂಬಿ ಸುಮ್ನೆ ಇದ್ದರು. ಸರಿಯಾಗಿ ಹೋಗಲಿಲ್ಲ. ಕಾಗದಪತ್ರವನ್ನು ತಾನೇ ನೋಡಿಕೊಳ್ಳಲಿಲ್ಲ ಎಂದು ಆಮೇಲೆ ಪೇಚಾಡಿದರು. ಇನ್ನು ಗ್ಯಾಲೊ ಕಂಪನಿ. ಅಮೆರಿಕದ ಪ್ರಕಾಶಕರ ಜೊತೆ ಮಾತುಕತೆ ಮಾಡಿ, ಅಲ್ಲಿನ ಹಕ್ಕು ಬಿಟ್ಟುಕೊಟ್ಟು, ಆಫ್ರಿಕಾದ ತನ್ನ ಸುತ್ತಮುತ್ತಲ ದೇಶಗಳ ಹಕ್ಕು ಇಟ್ಟುಕೊಂಡಿತು. ದೊಡ್ಡ ಮಾರುಕಟ್ಟೆ ಕೊಟ್ಟು ಸಣ್ಣದನ್ನು ಇಟ್ಟುಕೊಂಡಿದ್ದು ದಡ್ಡತನವೋ ಏನೋ. ಆದರೆ ಆ ಮಾತುಕತೆಯಿಂದ ಪ್ಯಾಕಿಂಗ್ ಕೋಣೆಯವರಿಗೆ ಬಂದದ್ದು ಏನೂ ಇಲ್ಲ.

ಅಲ್ಲಿಂದಾಚೆಗೆ ಹಾಡು ಕೈಯಿಂದ ಕೈಗೆ ಹೋಯಿತು. 1959ರಲ್ಲಿ ಅಮೆರಿಕದ ತಂಡ ಕಿಂಗ್‌ಸ್ಟನ್ ಟ್ರಿಯೊ. 1960ರಲ್ಲಿ ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಂ ಮಕೇಬಾ. ದೇಶ ಬಿಟ್ಟು ಅಮೆರಿಕದಲ್ಲಿದ್ದ ಮಕೇಬಾ ಇದನ್ನು ಜುಲುವಿನಲ್ಲೇ ಹಾಡಿದರು, ತಟ್ಟೆಯ ಮೇಲೆ ಲಿಂಡಾ ಹೆಸರೂ ಇತ್ತು. ಹಾಕಬೇಕು ಅನ್ನಿಸಿದವರಿಗೆ ಆಗಲೂ ಕಷ್ಟವೇನಿರಲಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ.

ನೀವು ರೇಡಿಯೊದಲ್ಲಿ ಕೇಳಿದ್ದು ಬಹುಶಃ 1961ರ ಟೋಕನ್ಸ್ ತಂಡದ್ದು. ನ್ಯೂಯಾರ್ಕ್‌ನ ಬ್ರೂಕ್ಲಿನ್ ಹುಡುಗರು. ಜೇ ಸೀಗಲ್ ಎಂಬ ಮುಖ್ಯ ಗಾಯಕನಿಗೆ ವೀವರ್ಸ್ ಹಾಡು ಗೊತ್ತಿತ್ತು, ಆರ್‌ಸಿಎ ಕಂಪನಿಯ ನಿರ್ಮಾಪಕರಾದ ಹ್ಯೂಗೊ ಪೆರೆಟ್ಟಿ, ಲೂಯಿಜಿ ಕ್ರಿಯೇಟೋರ್ ಮುಂದೆ ಅದನ್ನೇ ಹಾಡಿ ತೋರಿಸಿದ. ಹಾಡಿಗೆ ಮಾತು ಬೇಕು ಎಂದು ಅವರು ಜಾರ್ಜ್ ಡೇವಿಡ್ ವೈಸ್ ಎಂಬ ಗೀತರಚನೆಕಾರರನ್ನು ಕರೆಸಿದರು. ವೈಸ್ ಮಾಡಿದ ಕೆಲಸದಲ್ಲಿ ಜಾಣತನ ಇದೆ, ಅದನ್ನು ಒಪ್ಪಲೇಬೇಕು. ಲಿಂಡಾ ಬಾಯಿಂದ ಕೊನೆಯಲ್ಲಿ ಒಮ್ಮೆ ಮಾತ್ರ ಬಂದಿದ್ದ ಆ ಸ್ವರಮಾಲೆಯನ್ನು ಎತ್ತಿ ಹಾಡಿನ ಮುಂಬಾಗಿಲಿಗೇ ತಂದು ನಿಲ್ಲಿಸಿದರು, ಅದಕ್ಕೆ ಕಾಡಿನಲ್ಲಿ ಸಿಂಹ ಮಲಗಿದೆ ಎಂಬ ಇಂಗ್ಲಿಷ್ ಮಾತು ಜೋಡಿಸಿದರು. ಆಫ್ರಿಕಾದಲ್ಲಿ ಸಿಂಹ ಇರುವುದು ಹೆಚ್ಚಾಗಿ ಹುಲ್ಲುಗಾವಲಿನಲ್ಲಿ, ದಟ್ಟ ಕಾಡಿನಲ್ಲಲ್ಲ, ಅದು ಬೇರೆ ಮಾತು. ಮೇಲ್ದನಿಗೆ ಅನಿತಾ ಡೇರಿಯನ್ ಎಂಬ ಒಪೆರಾ ಗಾಯಕಿಯನ್ನು ಕರೆಸಿದರು.

ಟೋಕನ್ಸ್ ಹುಡುಗರಿಗೆ ಇದನ್ನು ಕೇಳಿ ನಾಚಿಕೆಯಾಯಿತಂತೆ, ಬಿಡುಗಡೆ ಮಾಡಬೇಡಿ ಅಂದರಂತೆ. ಕಂಪನಿ ತಟ್ಟೆಯ ಹಿಂಬದಿಗೆ ಹಾಕಿತು. ರೇಡಿಯೊದವರು ತಟ್ಟೆ ತಿರುಗಿಸಿ ಹಾಕಿದರು. 1961ರ ಡಿಸೆಂಬರಿನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲನೆಯ ಸ್ಥಾನ. ಲೇಬಲ್ ಮೇಲೆ ವೈಸ್, ಪೆರೆಟ್ಟಿ, ಕ್ರಿಯೇಟೋರ್ ಹೆಸರುಗಳು. ಲಿಂಡಾ ಹೆಸರಿಲ್ಲ.

ಲಿಂಡಾ ಮರುವರ್ಷ, 1962ರಲ್ಲಿ, ಕಿಡ್ನಿ ಕಾಯಿಲೆಯಿಂದ ತೀರಿಕೊಂಡರು. ಸಮಾಧಿಗೆ ಒಂದು ಕಲ್ಲು ಹಾಕಿಸಲು ಮನೆಯವರಿಗೆ 18 ವರ್ಷ ಹಿಡಿಯಿತು.

ಮಿಕ್ಕವರ ಪಟ್ಟಿ ಕೊಟ್ಟರೆ ಪುಟ ಸಾಲದು. 1972ರಲ್ಲಿ ರಾಬರ್ಟ್ ಜಾನ್ ಹಾಡಿದ್ದು ಅಮೆರಿಕದಲ್ಲಿ, 1982ರಲ್ಲಿ ಟೈಟ್ ಫಿಟ್ ತಂಡ ಹಾಡಿದ್ದು ಬ್ರಿಟನ್ನಿನಲ್ಲಿ ಮತ್ತೆ ಗೆದ್ದವು. ಇವೆಲ್ಲ ಟೋಕನ್ಸ್ ಹಾಡಿನ ನಕಲಿನ ನಕಲು, ನನಗೇನೂ ಹೊಸದು ಕೇಳಿಸುವುದಿಲ್ಲ. 1994ರಲ್ಲಿ ಡಿಸ್ನಿಯ ‘ದಿ ಲಯನ್ ಕಿಂಗ್’ ಸಿನಿಮಾ. ಅದರಲ್ಲಿ ಟಿಮೋನ್, ಪುಂಬಾ ಎಂಬ ಇಬ್ಬರು ಗೆಳೆಯರು ಕಾಡಿನಲ್ಲಿ ಹೋಗುತ್ತಾ ಒಂದೆರಡು ಸಾಲು ಹಾಡುತ್ತಾರೆ ಅಷ್ಟೇ. ಆ ಹೊತ್ತಿಗೇ ಹೊಂಚು ಹಾಕುತ್ತಾ ಒಂದು ಹೆಣ್ಣು ಸಿಂಹ ಬರುತ್ತದೆ. ಒಳ್ಳೆಯ ತಮಾಷೆ. ಆ ಒಂದೆರಡು ಸಾಲಿನಿಂದ ಹಾಡು ಮತ್ತೊಂದು ತಲೆಮಾರಿಗೆ ಹೋಯಿತು. ನಿಮ್ಮ ಅಳಿಯ ಆ ತಲೆಮಾರಿನವರು ಅಂತ ಕಾಣುತ್ತದೆ.

2000ದಲ್ಲಿ ದಕ್ಷಿಣ ಆಫ್ರಿಕಾದ ಪತ್ರಕರ್ತ ರಿಯಾನ್ ಮಲನ್ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಉದ್ದದ ಲೇಖನ ಬರೆದರು. ಈ ಹಾಡು ಅಷ್ಟು ವರ್ಷದಲ್ಲಿ ದುಡಿದಿರಬಹುದಾದ ರಾಯಲ್ಟಿ ಸುಮಾರು 1.5 ಕೋಟಿ ಡಾಲರ್ ಎಂದು ಲೆಕ್ಕ ಹಾಕಿದರು. ಲಿಂಡಾ ಹೆಣ್ಣುಮಕ್ಕಳು ಆಗ ಜೊಹಾನ್ಸ್‌ಬರ್ಗ್ ಪಕ್ಕದ ಸೊವೆಟೊದಲ್ಲಿ ಕಷ್ಟದಲ್ಲಿದ್ದರು. ಲೇಖನ ಗದ್ದಲ ಎಬ್ಬಿಸಿತು. ಆದರೆ ಕಾನೂನಿನ ಕಟ್ಟು ಬಿಗಿಯಾಗಿತ್ತು. ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಲಿಂಡಾ ಸಹಿ ಹಾಕಿದ್ದರು, ಅವರ ಹೆಂಡತಿ ಹಾಕಿದ್ದರು, ಆಮೇಲೆ ಹೆಣ್ಣುಮಕ್ಕಳೂ ಹಾಕಿದ್ದರು.

ದಾರಿ ತೋರಿಸಿದವರು ಓವನ್ ಡೀನ್ ಎಂಬ ವಕೀಲರು. ಹಳೆಯ ಬ್ರಿಟಿಷ್ ಸಾಮ್ರಾಜ್ಯದ 1911ರ ಕಾಪಿರೈಟ್ ಕಾಯ್ದೆಯಲ್ಲಿ ಒಂದು ಕಲಮು ಇದೆ. ಕರ್ತೃ ಬದುಕಿದ್ದಾಗ ಹಕ್ಕನ್ನು ಮಾರಿಕೊಂಡಿದ್ದರೂ, ಸತ್ತು 25 ವರ್ಷವಾದ ಮೇಲೆ ಅದು ವಾರಸುದಾರರಿಗೆ ವಾಪಸ್ ಬರುತ್ತದೆ. ಲಿಂಡಾ ಲೆಕ್ಕದಲ್ಲಿ ಅದು 1987. ಅಂದಿನಿಂದ ಬ್ರಿಟಿಷ್ ಆಳ್ವಿಕೆಯಲ್ಲಿದ್ದ ದೇಶಗಳಲ್ಲೆಲ್ಲ ಹಾಡು ಮಕ್ಕಳದ್ದು ಎನ್ನುವುದು ಡೀನ್ ವಾದ. ಇದೇ ಕಾಯ್ದೆ ಸಣ್ಣಪುಟ್ಟ ಬದಲಾವಣೆಯೊಂದಿಗೆ 1914ರಿಂದ ಭಾರತದಲ್ಲೂ ಜಾರಿಯಲ್ಲಿತ್ತು, ನಮ್ಮದೇ 1957ರ ಕಾಯ್ದೆ ಬರುವವರೆಗೆ. 2004ರಲ್ಲಿ ಲಿಂಡಾ ಕುಟುಂಬದ ಪರವಾಗಿ ಡಿಸ್ನಿ ಮೇಲೆ ದಾವೆ ಹೂಡಿದರು. ಡಿಸ್ನಿ ಅಮೆರಿಕದ ಕಂಪನಿ, ದಕ್ಷಿಣ ಆಫ್ರಿಕಾದ ಕೋರ್ಟು ಅದನ್ನು ಹಿಡಿಯುವುದು ಹೇಗೆ? ಅಲ್ಲಿ ನೋಂದಾಯಿಸಿದ್ದ ಅದರ 240ರಷ್ಟು ಟ್ರೇಡ್‌ಮಾರ್ಕ್‌ಗಳನ್ನು ಜಪ್ತಿ ಮಾಡಿಸಿದರು. ಡೊನಾಲ್ಡ್ ಡಕ್ ಕೂಡ ಅದರಲ್ಲಿತ್ತು. 2006ರ ಫೆಬ್ರುವರಿಯಲ್ಲಿ ಹಾಡಿನ ಅಮೆರಿಕನ್ ಪ್ರಕಾಶಕರು ರಾಜಿಗೆ ಬಂದರು. ಹಿಂದಿನ ಬಾಕಿಗೂ ಮುಂದಿನ ರಾಯಲ್ಟಿಗೂ ಪಾಲು, ಕುಟುಂಬಕ್ಕೆ ಒಂದು ಟ್ರಸ್ಟು, ಮತ್ತು ಹಾಡಿನ ಸಹಕರ್ತೃ ಎಂದು ಸಾಲೊಮನ್ ಲಿಂಡಾ ಹೆಸರು.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹಾಡಿದವರೆಲ್ಲ ಕದ್ದವರಲ್ಲ. ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದು, ತಿರುಚುವುದು, ಸಾಲು ಸೇರಿಸುವುದು ಹಾಡು ಹುಟ್ಟಿದಾಗಿನಿಂದ ಇದ್ದದ್ದೇ. ದಾಸರ ಪದಕ್ಕೆ ಒಬ್ಬೊಬ್ಬ ಗಾಯಕರು ಒಂದೊಂದು ರಾಗ ಹಾಕಿಕೊಂಡು ಹಾಡುತ್ತಾರೆ, ನಾವು ಬೇಡ ಅನ್ನುತ್ತೇವಾ? ಆದರೆ ಪದದ ಕೊನೆಯಲ್ಲಿ ಅಂಕಿತ ಇರುತ್ತದೆ. ಪುರಂದರ ವಿಠಲ ಎಂಬುದನ್ನು ಕಿತ್ತು ಯಾರೂ ತಮ್ಮ ಹೆಸರು ಹಾಕಿಕೊಳ್ಳುವುದಿಲ್ಲ. ‘ಎಂಬುಬೆ’ ವಿಷಯದಲ್ಲಿ ಕಳ್ಳತನ ನಡೆದದ್ದು ಮೈಕಿನ ಮುಂದೆ ಅಲ್ಲ, ಆಫೀಸಿನ ಮೇಜಿನ ಮೇಲೆ. ಟೋಕನ್ಸ್ ಹಾಡನ್ನು ನಾನು ಇವತ್ತೂ ಖುಷಿಯಿಂದಲೇ ಕೇಳುತ್ತೇನೆ. ವೈಸ್ ಹೆಸರು ಇರಲಿ, ಅವರು ಕೆಲಸ ಮಾಡಿದ್ದಾರೆ. ಅದರ ಮೇಲೆ ಇನ್ನೊಂದು ಹೆಸರು ಬರೆಯಲು ಲೇಬಲ್ಲಿನಲ್ಲಿ ಜಾಗ ಇರಲಿಲ್ಲವಾ?

1939ರ ತಟ್ಟೆ ಈಗ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಮೊದಲು ಅದನ್ನೇ ಕೇಳಿ. ಸದ್ದು ಕೊಂಚ ಗೊರಗೊರ ಅನ್ನುತ್ತದೆ. ಪರಿಚಯದ ಧಾಟಿ ಬರಲಿಲ್ಲ ಎಂದು ನಡುವೆ ನಿಲ್ಲಿಸಬೇಡಿ, ಅದು ಇರುವುದು ತೀರ ಕೊನೆಯಲ್ಲಿ. ಆಮೇಲೆ ಮಕೇಬಾ, ಆಮೇಲೆ ಟೋಕನ್ಸ್. ವೀವರ್ಸ್ ಬಿಟ್ಟರೂ ನಡೆಯುತ್ತದೆ, ಸೀಗರ್ ಒಬ್ಬರೇ ಬ್ಯಾಂಜೊ ಹಿಡಿದು ಹಾಡಿದ್ದು ಸಿಕ್ಕರೆ ಬಿಡಬೇಡಿ.

ಇನ್ನು ಶಾಲೆಯ ವಿಷಯ. ಧಾರಾಳವಾಗಿ ಹಾಡಲಿ. ಶಾಲೆಯ ಚಟುವಟಿಕೆಯ ಭಾಗವಾಗಿ ಅಲ್ಲಿನ ಮಕ್ಕಳು, ಶಿಕ್ಷಕರೇ ಹಾಡಿ ಆಡಿದರೆ, ನೋಡುವವರೂ ಶಾಲೆಯವರು, ಮಕ್ಕಳ ತಂದೆತಾಯಿ, ಪೋಷಕರು, ಶಾಲೆಗೆ ಸಂಬಂಧಪಟ್ಟವರು ಅಷ್ಟೇ ಆಗಿದ್ದರೆ, ನಮ್ಮ ಕಾಪಿರೈಟ್ ಕಾಯ್ದೆ ಅಡ್ಡ ಬರುವುದಿಲ್ಲ. ಅದೇ ಕಾಯ್ದೆಯ ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ. ಕರ್ತೃ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಇಂಗ್ಲಿಷ್ ಹಾಡಿಗೆ ಹೆಸರು ಹಾಕಿಕೊಂಡ ಮೂವರಲ್ಲಿ ವೈಸ್ ತೀರಿಕೊಂಡದ್ದು 2010ರಲ್ಲಿ, ಕ್ರಿಯೇಟೋರ್ 2015ರಲ್ಲಿ. ಹೀಗಾಗಿ ಆ ಇಂಗ್ಲಿಷ್ ಸಾಲುಗಳಿಗೆ ಇನ್ನೂ ದಶಕಗಟ್ಟಲೆ ಕಾವಲಿದೆ. ಲಿಂಡಾ ಹೋದದ್ದು 1962ರಲ್ಲಿ. ಅವರ ‘ಎಂಬುಬೆ’ಯನ್ನು ಈಗ ಇಲ್ಲಿ ಯಾರು ಬೇಕಾದರೂ ಹಾಡಬಹುದು, ಯಾರಿಗೂ ಕಾಸು ಕೊಡಬೇಕಾಗಿಲ್ಲ.