ಎಕ್ಸ್-ರೇ ಧ್ರುವೀಕರಣ ಅಳೆಯಲು ಗ್ಯಾಸ್ ತುಂಬಿದ ಡಿಟೆಕ್ಟರ್ ಯಾಕೆ? ಸಿಲಿಕಾನ್ ಸಾಲದಾ?

ಚಿತ್ರಕ್ಕೆ ಸಿಲಿಕಾನ್ ಸಾಕು, ಧ್ರುವೀಕರಣಕ್ಕೆ, ಅಂದರೆ ಕಿರಣದ ವಿದ್ಯುತ್ ಕ್ಷೇತ್ರ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂದು ತಿಳಿಯಲು, ಸಾಲದು. ಎಕ್ಸ್-ರೇ ಪರಮಾಣುವಿಗೆ ಬಡಿದಾಗ ಹೊರಬೀಳುವ ಎಲೆಕ್ಟ್ರಾನ್, ಕಿರಣದ ವಿದ್ಯುತ್ ಕ್ಷೇತ್ರದ ದಿಕ್ಕಿನಲ್ಲೇ ಜಾಸ್ತಿ ಹಾರುತ್ತದೆ. ಆ ದಿಕ್ಕು ತಿಳಿಯಲು ಅದು ಓಡಿದ ಜಾಡು ಕಾಣಬೇಕು, ಅಲ್ವಾ? ಸಿಲಿಕಾನ್‌ನಲ್ಲಿ ಜಾಡು ಸಾಮಾನ್ಯವಾಗಿ ಒಂದೇ ಪಿಕ್ಸೆಲ್‌ನೊಳಗೆ ಮುಗಿದುಹೋಗುತ್ತದೆ. ಗ್ಯಾಸ್ ವಿರಳ, ಹಾಗಾಗಿ ಜಾಡು ಉದ್ದ. 2021ರಲ್ಲಿ ಹಾರಿದ ನಾಸಾದ ಎಕ್ಸ್-ರೇ ದೂರದರ್ಶಕ ಐಎಕ್ಸ್‌ಪಿಇ ಡೈಮಿಥೈಲ್ ಈಥರ್ ಎಂಬ ಗ್ಯಾಸ್ ಬಳಸುತ್ತದೆ. ಅದರಲ್ಲಿ ಎಲೆಕ್ಟ್ರಾನ್‌ಗಳು ಕಡಿಮೆ ಹರಡುತ್ತವೆ, ಜಾಡು ಮಸುಕಾಗುವುದಿಲ್ಲ. ಒಂದು ಜಾಡಿನಿಂದ ಏನೂ ಹೇಳಲಾಗದು, ಸಾವಿರಾರು ಬೇಕು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ ಪೋಲಿಕ್ಸ್ ಎಂಬ ಧ್ರುವೀಕರಣ ಮಾಪಕ 2024ರ ಜನವರಿ 1ರಂದು ಇಸ್ರೋದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಜೊತೆ ಹಾರಿತು. ಅದರ ದಾರಿಯೇ ಬೇರೆ. ಅದರಲ್ಲಿ ಬೆರಿಲಿಯಂ ಲೋಹ ಕಿರಣವನ್ನು ಚದುರಿಸುತ್ತದೆ, ಸುತ್ತಲಿನ ನಾಲ್ಕು ಗ್ಯಾಸ್ ಡಿಟೆಕ್ಟರ್‌ಗಳು ಯಾವ ಕಡೆ ಜಾಸ್ತಿ ಬಂತೆಂದು ಎಣಿಸುತ್ತವೆ. ಚಿತ್ರ ಸಿಗದು, ಆದರೆ 8ರಿಂದ 30 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ವರೆಗಿನ ಶಕ್ತಿಯ ಎಕ್ಸ್-ರೇಗಳ ಧ್ರುವೀಕರಣ ಅಳೆಯಬಹುದು.