ಹೆದರುವವರ ಲೆಕ್ಕ ಬೇರೆ

ಓದುಗರೊಬ್ಬರ ಪತ್ರ: "ಅಣು ಸ್ಥಾವರಗಳಿಗಿಂತ ಕಲ್ಲಿದ್ದಲಿನ ಹೊಗೆಯಿಂದ ಸಾಯುವವರೇ ಜಾಸ್ತಿ. ಆದರೂ ಜನ ಅಣುವಿಗೇ ಹೆದರುತ್ತಾರೆ, ಸರ್ಕಾರಗಳು ಅದಕ್ಕೆ ಮಣಿಯುತ್ತವೆ. ತಿಳಿವಳಿಕೆ ಇಲ್ಲದವರ ಭಯ ದೇಶದ ನೀತಿಯನ್ನು ತೀರ್ಮಾನಿಸಬೇಕೇ?"

ಸಂಪಾದಕರ ಉತ್ತರ:

ಸಾವಿನ ಲೆಕ್ಕದಲ್ಲಿ ನೀವು ಹೇಳಿದ್ದು ಸರಿ. 'ತಿಳಿವಳಿಕೆ ಇಲ್ಲದವರು' ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅಮೆರಿಕದ ಮನೋವಿಜ್ಞಾನಿ ಪಾಲ್ ಸ್ಲೋವಿಕ್ 1987ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಅದರಲ್ಲಿ 30 ಅಪಾಯಗಳಿದ್ದವು, ಹೆಚ್ಚು ಅಪಾಯವೆನಿಸಿದ್ದಕ್ಕೆ ಮೇಲಿನ ಸ್ಥಾನ. ಅಣು ವಿದ್ಯುತ್ತಿಗೆ ಕಾಲೇಜು ವಿದ್ಯಾರ್ಥಿಗಳು 1ನೇ ಸ್ಥಾನ ಕೊಟ್ಟಿದ್ದರು, ತಜ್ಞರು 20ನೇ ಸ್ಥಾನ. ಇಷ್ಟನ್ನೇ ನೋಡಿದರೆ ನಿಮ್ಮ ಮಾತೇ ಗೆದ್ದಂತೆ. ಆದರೆ ಅದೇ ಪಟ್ಟಿಯಲ್ಲಿ ಎಕ್ಸ್-ರೇ ಕೂಡ ಇತ್ತು. ಅದನ್ನು ತಜ್ಞರು 7ನೇ ಸ್ಥಾನದಲ್ಲಿಟ್ಟರೆ ವಿದ್ಯಾರ್ಥಿಗಳು 17ರಲ್ಲಿಟ್ಟರು. ಎರಡೂ ವಿಕಿರಣವೇ ಅಲ್ವಾ? ಮತ್ತೇಕೆ ಈ ವ್ಯತ್ಯಾಸ? ಎಕ್ಸ್-ರೇ ತೆಗೆಸಲು ನಾವೇ ಹೋಗುತ್ತೇವೆ. ಅದರ ಲಾಭ ನಮಗೇ ಸಿಗುತ್ತದೆ, ಡಾಕ್ಟರ ಮೇಲೆ ನಂಬಿಕೆಯಿದೆ. ಸ್ಥಾವರ ಹಾಗಲ್ಲ. ಅದು ಎಲ್ಲಿ ಬರಬೇಕೆಂದು ಬೇರೆ ಯಾರೋ ತೀರ್ಮಾನಿಸುತ್ತಾರೆ. ಕೆಟ್ಟರೆ ಕಣ್ಣಿಗೆ ಕಾಣದ್ದು ಮೈಗೆ ತಾಗುತ್ತದೆ, ಮಕ್ಕಳವರೆಗೂ ಹೋಗಬಹುದು ಅನ್ನುವ ಅಳುಕು ಬೇರೆ. ತಜ್ಞರು ಸಾವುಗಳನ್ನು ಎಣಿಸುತ್ತಾರೆ. ಜನ ಇವನ್ನೆಲ್ಲ ಎಣಿಸುತ್ತಾರೆ.

ಈ ಅಪನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. 1986ರ ಏಪ್ರಿಲ್ 26ರಂದು ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣು ಸ್ಥಾವರದ ರಿಯಾಕ್ಟರ್ ಸಿಡಿಯಿತು. ಪಕ್ಕದ ಪ್ರಿಪ್ಯಾಟ್ ಊರಿನವರನ್ನು ಸ್ಥಳಾಂತರಿಸಿದ್ದು ಮರುದಿನ ಮಧ್ಯಾಹ್ನ. ಅಷ್ಟು ಹೊತ್ತು ಮಕ್ಕಳು ಬೀದಿಯಲ್ಲೇ ಆಡಿಕೊಂಡಿದ್ದರು. ಹೊರಗಿನ ಜಗತ್ತಿಗೆ ಸುಳಿವು ಸಿಕ್ಕಿದ್ದು 28ರಂದು, ಅದೂ ಸ್ವೀಡನ್ನಿನ ಸ್ಥಾವರವೊಂದರಲ್ಲಿ ನೌಕರನ ಬೂಟಿಗೆ ವಿಕಿರಣ ಅಂಟಿದ್ದು ಪತ್ತೆಯಾದಾಗ. ಇದನ್ನು ಕಂಡವರಿಗೆ 'ಅಂಕಿಅಂಶ ನಂಬಿ' ಎಂದರೆ ಯಾರ ಅಂಕಿಅಂಶ ಎಂದು ಕೇಳುತ್ತಾರೆ. ಕೇಳಲೇಬೇಕು.

ಹಾಗಂತ ಭಯ ಹೇಳಿದ್ದೆಲ್ಲ ಸರಿ ಎಂದೂ ನಾನು ಹೇಳುವುದಿಲ್ಲ. ಭಯವೂ ಜೀವ ತೆಗೆಯುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ಅವಘಡವಾದಾಗ ಆಸ್ಪತ್ರೆ, ವೃದ್ಧಾಶ್ರಮಗಳಿಂದ ರೋಗಿಗಳನ್ನು ಅವಸರದಲ್ಲಿ ಸಾಗಿಸಿದರು. ಎಷ್ಟೋ ಜನ ದಾರಿಯಲ್ಲೇ ತೀರಿಕೊಂಡರು. ವಿಕಿರಣದಿಂದ ಸತ್ತವರೆಂದು ಜಪಾನ್ ಸರ್ಕಾರ 2018ರಲ್ಲಿ ಒಪ್ಪಿಕೊಂಡದ್ದು ಒಬ್ಬ ಕೆಲಸಗಾರನನ್ನು. ಸ್ಥಳಾಂತರ ಮತ್ತು ನಂತರದ ಬವಣೆಯಿಂದ ಫುಕುಶಿಮಾ ಪ್ರಾಂತ್ಯದಲ್ಲಿ ಸತ್ತವರು 2,000ಕ್ಕೂ ಹೆಚ್ಚು.

ಜರ್ಮನಿಯದೂ ನೋವಿನ ಕಥೆಯೇ. 2010ರಲ್ಲಿ ಸ್ಥಾವರಗಳ ಆಯುಷ್ಯ ಹೆಚ್ಚಿಸಿದ್ದ ಸರ್ಕಾರವೇ ಫುಕುಶಿಮಾ ನಂತರ ಕೆಲವೇ ತಿಂಗಳಲ್ಲಿ ಎಲ್ಲವನ್ನೂ ಮುಚ್ಚಲು ತೀರ್ಮಾನಿಸಿತು. ಕೊನೆಯ ಮೂರು ರಿಯಾಕ್ಟರುಗಳು 2023ರ ಏಪ್ರಿಲ್ 15ರಂದು ನಿಂತವು. ಆಗಲೂ ಅಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇತ್ತು. ಮೊದಲು ನಿಲ್ಲಬೇಕಿದ್ದದ್ದು ಅದು.

ಹಾಗಾದರೆ ಸರ್ಕಾರ ಏನು ಮಾಡಬೇಕು? ಫಿನ್ಲೆಂಡ್ ಕಡೆ ನೋಡಿ. ಉರಿದ ಅಣು ಇಂಧನವನ್ನು ನೆಲದಡಿ 400 ಮೀಟರಿಗೂ ಹೆಚ್ಚು ಆಳದ ಬಂಡೆಯಲ್ಲಿ ಹೂಳಲು ಅವರಿಗೆ ಜಾಗ ಬೇಕಿತ್ತು. ಅಲ್ಲಿನ ಕಾನೂನಿನ ಪ್ರಕಾರ ಊರಿನ ಸ್ಥಳೀಯ ಸಭೆ ಬೇಡ ಎಂದರೆ ಮುಗಿಯಿತು, ಸರ್ಕಾರ ಮುಂದೆ ಹೋಗುವಂತಿಲ್ಲ. ಯೂರಾಯೋಕಿ ಎಂಬ ಊರು 2000ದಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿನವರು ಆಗಲೇ ಸುಮಾರು 20 ವರ್ಷ ಓಲ್ಕಿಲುಓಟೊ ಸ್ಥಾವರದ ಪಕ್ಕದಲ್ಲೇ ಬದುಕಿದ್ದರು. ಒಪ್ಪಿಗೆ ಕೊಡುವವರೆಗೂ ಬೇಡ ಎನ್ನುವ ಅಧಿಕಾರ ಅವರ ಕೈಯಲ್ಲೇ ಇತ್ತು.